ಹಳದಿ ದಾರದ ಸ್ವಿಚ್ಚು

ಬೆಳಿಗ್ಗೆ ಎದ್ದು ಕೋಳಿಗೂಡು ತೆರೆದೆ. ಒಲೆ ಹೊತ್ತಿಸಿದೆ. ಕಣದಲ್ಲಿ ಕಾಫಿ ಹಣ್ಣು ಹರವಿ ಒಂದು ಸುತ್ತು ಕಾಲಾಡಿಸಿದೆ. ಪಕ್ಕದ ಮನೆಯವರ ರವಿಕೆಗೆ ಕಾಜಾ ಹೊಲಿದೆ. ಅಂಗಳದಲ್ಲಿ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಿಂತಿದ್ದ ನಮ್ಮವರಿಗೆ ಎರಡು ಸಲ ಕಾಫಿ ಕೊಟ್ಟೆ. ಎರಡು ಸಲವೂ ಅದು ಮಡ್‌ಗಾರ್ಡಿನ ಮೇಲೆ ಕೂತು ಆರಿಹೋಯಿತು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ಇವರು ಕತ್ತರಿಸಿ ಬಿಸಾಡಿದ್ದ ಹಳೇ ವಯರಿನ ತುಂಡುಗಳನ್ನು ಗುಡಿಸತೊಡಗಿದೆ. ಒಂದು ಕಪ್ಪು ತುಂಡು ಪೊರಕೆಗೆ ಸಿಕ್ಕಿಕೊಂಡಿತು. ಅದರ ತುದಿಯಲ್ಲಿ ಹಳದಿ ದಾರದ ಗಂಟು. ಗ್ರೀಸು, ಮಣ್ಣು ಕುಡಿದು ಬಣ್ಣ ಸತ್ತಿತ್ತು. ಆದರೂ ನನ್ನ ದಾರ ನನಗೆ ಗೊತ್ತಾಗದೇ?

ಪೊರಕೆ ಹಿಡಿದುಕೊಂಡು ಅಲ್ಲೇ ನಿಂತೆ. ವಯರಿಂಗ್ ಅಣ್ಣ ನೆನಪಾದರು...

ಈ ಕಡೆಯ ಜೀಪುಗಳಿಗೆಲ್ಲ ಲೈಟು, ಹಾರ್ನು, ಸೆಲ್ಫು ಕಟ್ಟುತ್ತಿದ್ದವರು ಅವರು. ನೆಲ್ಯಹುದಿಕೇರಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಕಾಲಿನ ನಡುವೆ ಸಾಮಾನಿನ ಪೆಟ್ಟಿಗೆ, ಹೆಗಲಿಗೆ ಸುರುಳಿ ಸುತ್ತಿದ ವಯರು. ನಮ್ಮ ಜೀಪಿಗೆ ಮೊದಲ ಸಲ ಪೂರ್ತಿ ವಯರಿಂಗ್ ಮಾಡಿದ ದಿನ ಜಗಲಿಯಲ್ಲಿ ನಾನು ಮಿಷನ್ ತುಳಿಯುತ್ತಿದ್ದೆ.

"ತಂಗಿ, ನಿನ್ನ ದಾರದ ಡಬ್ಬಿ ತಾ ಸ್ವಲ್ಪ" ಅಂದರು.

"ಎಂಥಕ್ಕಣ್ಣ? ಜೀಪಿಗೆ ರವಿಕೆ ಹೊಲೀತೀರಾ?"

"ವಯರೆಲ್ಲ ಕಪ್ಪು ಒಂದೇ ಸಿಕ್ಕಿತು. ಬಣ್ಣ ನಿನ್ನ ಡಬ್ಬಿಯಲ್ಲಿದೆ."

ಒಂದೊಂದು ವಯರಿನ ತುದಿಗೆ ಒಂದೊಂದು ಬಣ್ಣದ ದಾರ ಕಟ್ಟಿದರು. ಲೈಟಿಗೆ ಬಿಳಿ, ಹಾರ್ನಿಗೆ ಹಸಿರು. ಅವರ ಕೆಲಸದ ರೀತಿಯೇ ಅದು. ಯಾರ ಮನೆಗೆ ಹೋದರೂ ಆ ಮನೆಯ ಹೆಂಗಸರ ದಾರ. ಕೊನೆಗೆ ಸ್ಟೇರಿಂಗಿನ ಕೆಳಗೆ ಒಂದು ಸ್ವಿಚ್ಚು ಕೂರಿಸಿ, ಅದರ ವಯರಿಗೆ ಹಳದಿ ಕಟ್ಟಿದರು. "ಇದು ಆನೆಗೆ. ಅರಶಿನದ ಬಣ್ಣ, ಒಳ್ಳೇದಾಗ್ಲಿ."

ತೋಟಗಳಿಗೆ ಆನೆ ಬರುವುದು ಹೆಚ್ಚಾದ ಮೇಲೆ ಅವರೇ ಹುಡುಕಿದ ಉಪಾಯ ಅದು. ಸಂಜೆ ಕೆಲಸದವರನ್ನು ಲೈನ್ ಮನೆಗೆ ಬಿಡುವಾಗ ದಾರಿಯಲ್ಲಿ ಆನೆ ನಿಂತಿದ್ದರೆ, ಆ ಒಂದು ಸ್ವಿಚ್ಚು ಒತ್ತಿದರೆ ಸಾಕು. ಮುಂದಿನ ಲೈಟು, ಬ್ರೇಕಿನ ಕೆಂಪು ಲೈಟು, ಹಾರ್ನು, ಹಿಂದೆ ಬರುವಾಗ ಕಿರುಚುವ ಬಜರು, ಎಲ್ಲ ಸತ್ತ ಹಾಗೆ. ಇಂಜಿನ್ ಮಾತ್ರ ಓಡುತ್ತಿರುತ್ತದೆ. ಹಳೇ ಡೀಸೆಲ್ ಇಂಜಿನ್ ಒಮ್ಮೆ ಹೊತ್ತಿತೆಂದರೆ ಅದಕ್ಕೆ ಕರೆಂಟಿನ ಹಂಗಿಲ್ಲ. ನಿಲ್ಲಿಸಬೇಕಾದರೆ ಕೈಯಲ್ಲೇ ಕೇಬಲ್ ಎಳೆಯಬೇಕು.

"ಆನೆ ಎದುರು ಬೆಳಕೂ ಬೇಡ, ಬಾಯೂ ಬೇಡ" ಅಂತ ನಮ್ಮವರಿಗೆ ಹೇಳಿಕೊಟ್ಟಿದ್ದರು. "ಇಂಜಿನ್ ಮಾತ್ರ ನಿಲ್ಲಬಾರದು. ಮಾವನ ಮನೆಯಿಂದ ಜಗಳ ಆಡದೆ ಬಂದ ಹಾಗೆ ಮೆಲ್ಲ ಹಿಂದಕ್ಕೆ ಬಂದುಬಿಡು."

ನಮ್ಮವರು ಹಾಗೆ ಎಷ್ಟೋ ಸಲ ಹಿಂದಕ್ಕೆ ಬಂದಿದ್ದಾರೆ. ಬಂದವರು ಊಟ ಮಾಡಿದ್ದಾರೆ, ನಾನು ಬಡಿಸಿದ್ದೇನೆ. ಅಣ್ಣ ಮಾತ್ರ ಒಂದು ಸಂಜೆ ಬರಲಿಲ್ಲ...

ಅವರ ಸ್ವಂತ ಜೀಪಿಗೆ ಆ ವರ್ಷ ಬೇರೆ ಇಂಜಿನ್ ಇಳಿಸಿಕೊಂಡಿದ್ದರು. ಹೊಸ ಕಾಲದ್ದು, ಸದ್ದು ಕಡಿಮೆ ಅಂತ ಎಲ್ಲರಿಗೂ ತೋರಿಸಿ ಖುಷಿಪಟ್ಟಿದ್ದರು. ಒಬ್ಬರೇ ಇದ್ದರು ಅವತ್ತು. ಬೆಳಿಗ್ಗೆ ನೋಡಿದರೆ ಆನೆ ತಳ್ಳಿದ ಜೀಪು ತೋಟದ ಬೇಲಿಗೆ ಒರಗಿ ಮಗುಚಿತ್ತು. ಗಾಡಿ ಎತ್ತಲು ಹೋದವರಲ್ಲಿ ನಮ್ಮವರೂ ಒಬ್ಬರು. ಬಂದು ಸ್ನಾನ ಮಾಡಿ ಜಗಲಿಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು: "ಸ್ವಿಚ್ಚು ಒತ್ತಿದ್ದರು. ಗೇರು ರಿವರ್ಸಿನಲ್ಲೇ ಇತ್ತು. ಮತ್ತೆ ಯಾಕೆ ಹಿಂದೆ ಬರಲಿಲ್ಲ?"

ಊರವರು ಉತ್ತರ ಕಂಡುಕೊಂಡರು. ಹೆದರಿ ಕೈಕಾಲು ಆಡಿರಲಿಕ್ಕಿಲ್ಲ, ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಿಕೊಂಡಿರಬೇಕು ಅಂದರು. ತಿಥಿಯ ಊಟಕ್ಕೆ ಕೂತ ಒಬ್ಬ, "ಊರಿಗೆಲ್ಲ ಬುದ್ಧಿ ಹೇಳಿದವ್ರು, ತಮ್ಮ ಸರದಿ ಬಂದಾಗ ನಡುಗಿಬಿಟ್ರು" ಅಂದಿದ್ದ. ಅಣ್ಣನ ಹೆಂಡತಿ ಸಾರಿನ ಪಾತ್ರೆ ಹಿಡಿದು ಅವನ ಹಿಂದೆಯೇ ನಿಂತಿದ್ದರು. ಕೇಳಿಸಿತು. ಅವನಿಗೂ ಬಡಿಸಿದರು.

ಈಗ ನಮ್ಮ ಜೀಪಿನ ಇಂಜಿನ್ ಕೂಡ ಹೋದ ಮಳೆಗಾಲಕ್ಕೆ ಕೈಕೊಟ್ಟಿತು. ನಮ್ಮವರು ಗುಜರಿಯಿಂದ ಬೇರೆ ಕಂಪನಿಯದ್ದೊಂದು ತಂದರು. ಫಿಟ್ಟರು ಇಳಿಸಿಕೊಟ್ಟು, ವಯರು ನನ್ನ ಕೆಲಸ ಅಲ್ಲ ಅಂತ ಕೈತೊಳೆದುಕೊಂಡ. ಅಂದಿನಿಂದ ಇವರು ಫೋನಿನಲ್ಲಿ ವಯರಿಂಗ್ ಪಟ ಹುಡುಕಿದ್ದೇ ಹುಡುಕಿದ್ದು. ಒಂದರಲ್ಲಿ ಬಣ್ಣ ಸರಿಯಿಲ್ಲ, ಒಂದು ಬೇರೆ ದೇಶದ ಗಾಡಿಯದ್ದು, ಒಂದು ಓದಲಾಗದಷ್ಟು ಮಸುಕು. ಕೊನೆಗೆ ಹಾಸನದ ಕಡೆಯ ಯಾರೋ ಮೆಕ್ಯಾನಿಕ್ ಸರಿಯಾದದ್ದನ್ನು ಕಳಿಸಿದರು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದು, ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ನನ್ನ ಅರೆಯುವ ಕಲ್ಲಿನ ಗುಂಡು ಇಟ್ಟಿದ್ದರು.

ನಾಳೆಯಿಂದ ಕಾಫಿ ಕುಯ್ಯುವವರನ್ನು ಕರೆದೊಯ್ಯಬೇಕು ಅಂತ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹೇಳಿದ್ದಾರೆ. ಆಚೆ ತೋಟದಲ್ಲಿ ಆನೆ ಇಳಿದಿದೆ. ನಿನ್ನೆಯಿಂದ ಪಟಾಕಿ ಸದ್ದು ಕೇಳುತ್ತಲೇ ಇದೆ.

ಬಿಸಿಲು ಇಳಿಯುವ ಹೊತ್ತಿಗೆ ಇಂಜಿನ್ ಹೊತ್ತಿತು. ಇವರ ಮುಖ ನೋಡಬೇಕಿತ್ತು. ನಾನು ದಾರದ ಗಂಟು ಇನ್ನೂ ಕೈಯಲ್ಲಿ ಹಿಡಿದಿದ್ದೆ.

"ಆ ಪಟದಲ್ಲಿ ಆನೆ ಸ್ವಿಚ್ಚಿದೆಯಾ?" ಅಂತ ಕೇಳಿದೆ.

"ಕಂಪನಿಯವ್ರಿಗೆ ನಮ್ಮ ಆನೆ ಎಲ್ಲಿ ಗೊತ್ತು ಮಾರಾಯ್ತಿ? ಅಣ್ಣ ಹಾಕಿದ್ದೇ ಇದೆ. ತುದಿ ಮಾತ್ರ ಕತ್ತರಿಸಿ ಹೊಸದಾಗಿ ಸೇರಿಸಿದ್ದೇನೆ."

"ಒಮ್ಮೆ ಒತ್ತಿ ನೋಡಿ ಮತ್ತೆ."

ಒತ್ತಿದರು. ಲೈಟು ಹೋಯಿತು. ಹಾರ್ನು ಹೋಯಿತು. ಆಮೇಲೆ, ಉಸಿರು ಬಿಟ್ಟ ಹಾಗೆ, ಇಂಜಿನ್ನೂ ನಿಂತಿತು.

ಇವರು ಮತ್ತೆ ಹೊತ್ತಿಸಿ, ಮತ್ತೆ ಒತ್ತಿದರು. ಮತ್ತೆ ನಿಂತಿತು. ಟಾರ್ಚು ಹಿಡಿದು ಪಟದ ಮೇಲೆ ಬೆರಳಾಡಿಸಿದರು. ಈ ಇಂಜಿನ್ನಿನ ಡೀಸೆಲ್ ಪಂಪಿನಲ್ಲಿ ಸಣ್ಣದೊಂದು ವಾಲ್ವ್ ಇದೆಯಂತೆ. ಅದಕ್ಕೆ ಕರೆಂಟು ಇರುವಷ್ಟು ಹೊತ್ತು ಮಾತ್ರ ಡೀಸೆಲ್ ಹರಿಯುವುದು. ಅದಕ್ಕೆ ಕರೆಂಟನ್ನು ಇವರು ಹತ್ತಿರದಲ್ಲೇ ಸಿಕ್ಕಿದ ವಯರಿನಿಂದ ಕೊಟ್ಟಿದ್ದರು. ಆನೆ ಸ್ವಿಚ್ಚು ದಾಟಿ ಬರುವ ವಯರು ಅದು. ಪಟದಲ್ಲಿ ಸ್ವಿಚ್ಚೇ ಇಲ್ಲದ ಮೇಲೆ ಅದು ಎಚ್ಚರಿಸುವುದು ಹೇಗೆ?

"ಗೇರು ರಿವರ್ಸಿನಲ್ಲೇ ಇತ್ತು" ಅಂದರು ಇವರು, ಮೆಲ್ಲಗೆ. ಅಣ್ಣನ ಜೀಪು ಎತ್ತಿ ಬಂದ ದಿನ ಹೇಳಿದ್ದ ಅದೇ ಮಾತು.

ಅಣ್ಣ ಇಳಿಸಿಕೊಂಡಿದ್ದ ಹೊಸ ಇಂಜಿನ್ನಿಗೂ ಇಂಥದ್ದೇ ವಾಲ್ವ್ ಇದ್ದಿರಬೇಕು. ಅವರು ನಡುಗಿರಲಿಲ್ಲ. ತಾವು ಹೇಳಿಕೊಟ್ಟದ್ದನ್ನೆಲ್ಲ ಸರಿಯಾಗಿ ಮಾಡಿದ್ದರು. ಲೈಟು ಆರಿಸಿ, ಗೇರು ಹಾಕಿ... ಅವರೇ ಕಟ್ಟಿದ ಸ್ವಿಚ್ಚು ಅವರ ಕಾಲ ಕೆಳಗಿನ ಇಂಜಿನ್ನನ್ನೇ ಕೊಂದಿತ್ತು. ಇದನ್ನು ಅವರ ಹೆಂಡತಿಗೆ ಹೇಳಿದರೆ ಸಮಾಧಾನವೋ, ಇನ್ನೊಂದು ಸಂಕಟವೋ ತಿಳಿಯುತ್ತಿಲ್ಲ. ಹೇಳಬೇಕು ಅಂತಲೇ ಇದ್ದೇನೆ.

ಇವರು ವಾಲ್ವಿಗೆ ಕೀಯಿಂದ ನೇರ ಬೇರೆ ವಯರು ಎಳೆದರು. ನಾನು ಡಬ್ಬಿಯಿಂದ ಕೆಂಪು ದಾರ ತಂದೆ. "ಗಂಟು ನೀನೇ ಹಾಕು" ಅಂದರು. ಹಾಕಿದೆ. ಆಮೇಲೆ ಸ್ವಿಚ್ಚು ಒತ್ತಿದಾಗ ಲೈಟೆಲ್ಲ ಆರಿ, ಮಬ್ಬಿನಲ್ಲಿ ಇಂಜಿನ್ ಒಂದೇ ಗುಡುಗುಡು ಅನ್ನುತ್ತಿತ್ತು. ಆ ಸದ್ದು ಕೇಳಿ ನೆಮ್ಮದಿಯಾಗಬೇಕಿತ್ತು.

ಆದರೆ ಅಣ್ಣ ಆ ಸ್ವಿಚ್ಚನ್ನು ಎಷ್ಟು ಜೀಪಿಗೆ ಕಟ್ಟಿದ್ದರೋ... ಅವುಗಳಲ್ಲಿ ಯಾವುದಕ್ಕೆಲ್ಲ ಈಗ ಹೊಸ ಇಂಜಿನ್ ಬಂದಿದೆಯೋ. ಇವರು ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದರು. ಚೆಟ್ಟಳ್ಳಿಯವರು ನಕ್ಕು, ಆಮೇಲೆ ನಗು ನಿಲ್ಲಿಸಿ, ಈಗಲೇ ನೋಡ್ತೇನೆ ಅಂದರು. ಬಾಳೆಲೆ ಊರಿನ ಕಡೆಯವರು ಹೋದ ತಿಂಗಳಷ್ಟೇ ಇಂಜಿನ್ ಬದಲಿಸಿದ್ದಾರೆ. ಕೆಲಸದವರನ್ನು ಬಿಟ್ಟು ಬರುವ ಹೊತ್ತು. ಅವರ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಇವರು ಮತ್ತೆ ಮಾಡಿದರು.

ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಉಂಡೆವು. ಬಾಳೆಲೆಯವರು ಇನ್ನೂ ಎತ್ತಿರಲಿಲ್ಲ, ಫೋನು ಇವರ ತಟ್ಟೆಯ ಪಕ್ಕದಲ್ಲೇ ಇತ್ತು. ದಿನಾ ತಲೆ ದಿಂಬಿಗೆ ತಾಗಿದ ಕೂಡಲೇ ಗೊರಕೆ ಹೊಡೆಯುವವರು ಇವರು. ಇವತ್ತು ಮೊದಲು ಮಲಗಿದ್ದು ನಾನು.