ಅಕ್ಕಚ್ಚಿನ ಕಲ್ಲು ಮತ್ತು ಹಳೆಯ ಕೂಲಂಟ್

ನನ್ನ ಪುಟ್ಟ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಜ್ವರ ಅಳೆಯುವ ಒಂದು ಮುಳ್ಳಿದೆ. ಹದಿನಾಲ್ಕು ವರ್ಷ ಅದು ಅರ್ಧದ ಗೆರೆಗಿಂತ ಕೆಳಗೆ, ಊಟ ಮುಗಿಸಿ ಒರಗಿದವರಂತೆ ಮಲಗಿಯೇ ಇತ್ತು. ಈ ಬೇಸಗೆಯಲ್ಲಿ ಮಾತ್ರ, ಶಿರೂರಿನಲ್ಲಿರುವ ಅಕ್ಕನನ್ನು ನೋಡಲು ಹೊರಟಾಗಲೆಲ್ಲ, ಬೈಂದೂರು ದಾಟುವಷ್ಟರಲ್ಲಿ ಅದು ಎದ್ದು ಕೂರತೊಡಗಿತು. ನೀವು ಕಾರು ಓಡಿಸುವವರಾದರೆ ನಿಮಗೆ ಹೇಳಬೇಕಾಗಿಲ್ಲ, ಆ ಮುಳ್ಳು ಏರುವಾಗ ಕಣ್ಣು ರಸ್ತೆಯ ಮೇಲಿದ್ದರೂ ಜೀವವೆಲ್ಲ ಅದರ ತುದಿಯಲ್ಲೇ ಇರುತ್ತದೆ.

ಹೆದ್ದಾರಿ ಬದಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ಇಣುಕಿ, "ಬಾವಿ ನೀರ್ ಹಾಕಿ ಟೀಚರಮ್ಮ, ಸಾಕ್" ಅಂದ. ಫ್ರಾಂಕ್ಲಿ ಹೇಳುತ್ತೇನೆ, ಇಷ್ಟು ವರ್ಷ, ಎಂಜಿನ್ ತಣಿಸುವ ಕೂಲಂಟ್ ಕಡಿಮೆಯಾದಾಗಲೆಲ್ಲ ನಾನು ಮಾಡುತ್ತ ಬಂದದ್ದೂ ಅದನ್ನೇ. ವಂಡ್ಸೆಗೆ ತಿರುಗುವ ರಸ್ತೆಯಲ್ಲಿರುವ ನಮ್ಮ ಮನೆಯ ಬಾವಿ ಕೆಂಪುಕಲ್ಲಿನ ನಡುವೆ ತೋಡಿದ್ದು. ಬಿಳಿ ಬಟ್ಟೆ ನಾಲ್ಕು ಸಲ ಒಗೆದರೆ ಕಾವಿಯಾಗುತ್ತದೆ. ಆ ನೀರನ್ನು ಕುಡಿದು ಕುಡಿದು ರೇಡಿಯೇಟರಿನ ಹೊಟ್ಟೆಯೂ ತುಕ್ಕು ಹಿಡಿದಿರಬೇಕು. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ ಮೊದಲ ಪಾಠವೆಂದರೆ, ಅಚ್ಚಾದದ್ದನ್ನು ಓದಿದರೆ ಲೋಕದ ಯಾವ ಕೆಲಸವನ್ನೂ ನೀಟಾಗಿ ಮಾಡಬಹುದು ಎಂಬುದು. ನಾನೂ ಬೈಂದೂರಿನ ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸುತ್ತ ಮಕ್ಕಳಿಗೆ ಅದನ್ನೇ ಹೇಳಿದವಳು. ಆದ್ದರಿಂದ ಡ್ಯಾಶ್‌ಬೋರ್ಡಿನ ಗೂಡಿನಿಂದ ಓನರ್ಸ್ ಮ್ಯಾನ್ಯುಯಲ್ ತೆಗೆದು, ಕನ್ನಡಕ ಒರೆಸಿಕೊಂಡು, ಹಳೆಯ ಕೂಲಂಟನ್ನು ನಾನೇ ಬದಲಾಯಿಸುವುದೆಂದು ನಿಶ್ಚಯಿಸಿದೆ.

ಕೆಲಸ ಅಂಥ ದೊಡ್ಡದೇನಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆಯಬೇಕು, ಕೆಳಗಿನ ಡ್ರೇನ್ ಪ್ಲಗ್ ಸಡಿಲಿಸಬೇಕು, ಹಳೆಯದೆಲ್ಲ ಇಳಿದು ಹೋಗುವವರೆಗೆ ತಾಳ್ಮೆಯಿಂದ ಕಾಯಬೇಕು. ಕಷ್ಟವೆಲ್ಲ ಅರುವತ್ತೊಂಬತ್ತು ವರ್ಷದ ಸೊಂಟದ್ದು. ಅಂಗಳದಲ್ಲಿ ಹಳೆಯ ಚಾಪೆ ಹಾಸಿ, ಅಡ್ಡ ಮಲಗಿ, ಬಂಪರಿನಡಿ ಕೈ ತೂರಿಸಿ ಪ್ಲಗ್ ತಿರುಗಿಸಿದಾಗ ಅದು ಇಳಿದು ಬಂತು, ಒಮ್ಮೆ ಹಸಿರಾಗಿದ್ದು ಈಗ ಮಾಸಿ, ಒಂದೆಲಗದ ತಂಬುಳಿ ನಿನ್ನೆಯದಾದರೆ ಹೇಗಿರುತ್ತದೋ ಹಾಗೆ. ತಟ್ಟೆಯಂಥ ಅಗಲ ಟಬ್ಬಿನಲ್ಲಿ ಹಿಡಿದು ಒಂದು ಬಿಳಿ ಪೇಂಟ್ ಬಕೆಟ್ಟಿಗೆ ಸುರಿದೆ. ಇಷ್ಟು ದಿನ ಎಂಜಿನ್ನಿನ ಬಿಸಿಯನ್ನೆಲ್ಲ ತನ್ನೊಳಗೆ ಎಳೆದುಕೊಂಡು ತಿರುಗಿದ ದ್ರವ ಅದು. ಮನೆಮನೆಗಳಲ್ಲಿ ಇಂಥ ಹೆಂಗಸರಿರುತ್ತಾರಲ್ಲವೆ? ಅವರಿರುವಷ್ಟು ದಿನ ಮನೆ ತಣ್ಣಗಿರುತ್ತದೆ, ಅವರು ಮಾತ್ರ ಮಾಸುತ್ತಾರೆ. ಬಕೆಟ್ ಹಿಡಿದುಕೊಂಡು ಇಂಥದ್ದನ್ನೇ ಯೋಚಿಸುತ್ತ ನಾಲ್ಕು ಹೆಜ್ಜೆ ನಡೆದೆ.

ತಪ್ಪಾದದ್ದು ಆ ನಾಲ್ಕು ಹೆಜ್ಜೆಯಲ್ಲೇ.

ನಮ್ಮ ಕಡೆಯ ಅಡುಗೆಮನೆಗಳಲ್ಲಿ ಅಕ್ಕಿ ತೊಳೆದ ನೀರು, ಗಂಜಿ ತಿಳಿ, ತರಕಾರಿ ಸಿಪ್ಪೆ ಯಾವುದನ್ನೂ ಚೆಲ್ಲುವುದಿಲ್ಲ. ಅದೇ ಅಕ್ಕಚ್ಚು, ದನದ ಪಾಲು. ನಮ್ಮಲ್ಲಿ ದನವಿಲ್ಲದೆ ಎಷ್ಟೋ ವರ್ಷವಾಯಿತು. ಆದರೂ ಹಿತ್ತಿಲ ಬಾಗಿಲ ಬಳಿಯ ಚಪ್ಪಟೆ ಕಲ್ಲಿನ ಮೇಲೆ ಇಂಥದೇ ಪೇಂಟ್ ಬಕೆಟ್ಟಿನಲ್ಲಿ ಅಕ್ಕಚ್ಚು ಇಡುವುದು ತಪ್ಪಿಲ್ಲ. ನಾಲ್ಕು ಮನೆಯಾಚೆಯ ಗುಲಾಬಿ ಸಂಜೆಗೆ ಬಂದು, ಕೇಳುವ ಗೋಜಿಲ್ಲದೆ, ತುಂಬಿದ ಬಕೆಟ್ ಒಯ್ದು ಅಂಥದೇ ಖಾಲಿಯೊಂದನ್ನು ಇಟ್ಟು ಹೋಗುತ್ತಾಳೆ. ನಲವತ್ತು ವರ್ಷದ ಅಭ್ಯಾಸ ನೋಡಿ, ಕೈಯಲ್ಲಿ ಬೇಡದ ನೀರಿದ್ದರೆ ಕಾಲು ತಾನಾಗಿ ಆ ಕಲ್ಲಿನ ಕಡೆಗೆ ಹೋಗುತ್ತದೆ. ಸಂಜೆಯಾಗುತ್ತ ಬಂದಿತ್ತು, ನಾನು ಬಕೆಟ್ಟನ್ನು ಅಲ್ಲಿಟ್ಟೆ. ಕೈ ತೊಳೆದೆ. ಹೊಸ ಕೂಲಂಟ್ ಎಷ್ಟು ಹಾಕಬೇಕೆಂದು ನೋಡಲು ಒಳಗೆ ಹೋಗಿ ಮ್ಯಾನ್ಯುಯಲ್ ಬಿಡಿಸಿದೆ.

ಪುಟದ ಕೊನೆಯಲ್ಲಿ, ಚೌಕದೊಳಗೆ, ಸಣ್ಣ ಅಕ್ಷರದಲ್ಲಿ ಅದು ಇತ್ತು. ಈ ದ್ರವ ವಿಷ. ರುಚಿ ಸಿಹಿಯಾದ್ದರಿಂದ ಮಕ್ಕಳಿಗೂ ಪ್ರಾಣಿಗಳಿಗೂ ಸಿಗದಂತೆ ಇಡತಕ್ಕದ್ದು. ಕಿಟಕಿಯಿಂದ ನೋಡಿದೆ. ಕಲ್ಲಿನ ಮೇಲೆ ಗುಲಾಬಿ ಇಟ್ಟುಹೋದ ಖಾಲಿ ಬಕೆಟ್ ಇತ್ತು.

ಗುಲಾಬಿಗೆ ಇರುವುದು ಒಂದೇ ದನ, ಎಂಟು ತಿಂಗಳ ಗಬ್ಬ. ನಾನು ಬೇಲಿ ದಾಟಿ, ಗದ್ದೆಯಂಚಿನಲ್ಲಿ ಓಡಿದೆ. ಕರೆಯಲು ಬಾಯಿ ತೆರೆದಾಗ ಕಾನ್ವೆಂಟಿನ ಒಂದಕ್ಷರವೂ ಹೊರಬರಲಿಲ್ಲ. "ಹ್ವಾಯ್ ಗುಲಾಬಿ, ಕೊಡ್ಬೇಡ, ಅದ್ ಕೊಡ್ಬೇಡ" ಎಂದು ಅಜ್ಜಿಯ ದನಿಯಲ್ಲಿ ಕೂಗಿದೆ.

ಅವಳು ದನದ ಹಟ್ಟಿಯ ಬಾಗಿಲಲ್ಲಿ ಕೂತು ಹುಲ್ಲು ಬಿಡಿಸುತ್ತಿದ್ದಳು. "ಎಂತ ಮಾರಾಯ್ರೆ, ಬರಿಗಾಲಗೆ ಓಡಿ ಬಂದದ್ದ್?"

"ಬಕೆಟ್... ದನಕ್ ಕೊಟ್ಯಾ?"

"ಇಲ್ಲೆ. ಅಲ್ಲಿತ್ತ್ ಕಾಣಿ" ಎಂದು ಮೂಲೆ ತೋರಿಸಿದಳು. ಬಕೆಟ್ ತುಂಬಿಯೇ ಇತ್ತು, ಮೇಲೆ ಅಡಿಕೆ ಹಾಳೆ ಮುಚ್ಚಿತ್ತು.

"ಬೆರಳ್ ಅದ್ದಿ ನೆಕ್ಕಿ ಕಂಡೆ" ಅಂದಳು. "ಸೀ ಇತ್ತ್. ನಿಮ್ ಮನಿ ಅಕ್ಕಚ್ಚ್ ಸೀ ಇಪ್ಪುದ್ ಹ್ಯಾಂಗೆ? ನಿಮ್ಗ್ ಶುಗರ್ ಅಲ್ದಾ? ಚಾಕ್ ಸಕ್ರಿ ಇಲ್ಲೆ, ಪಾಯ್ಸ ಮಾಡುದಿಲ್ಲೆ. ನೆಂಟ್ರ್ ಬಂದ ಸುದ್ದಿಯೂ ಇಲ್ಲೆ. ಇದ್ ಬೇರೆ ಎಂತದೋ ಅಂದೇಳಿ ಬದಿಗಿಟ್ಟೆ."

ನಾನು ಅವಳನ್ನು ಎಬ್ಬಿಸಿ, ಬಾವಿಕಟ್ಟೆಗೆ ಕರೆದೊಯ್ದು, ಬೆರಳನ್ನೂ ಬಾಯನ್ನೂ ಮತ್ತೆ ಮತ್ತೆ ತೊಳೆಸಿದೆ. ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆ. ಬೆರಳ ತುದಿಯಷ್ಟಾದರೆ ಹೆದರಬೇಕಾಗಿಲ್ಲ, ನೀರು ಕುಡಿಯಲಿ, ಏನಾದರೂ ಅನ್ನಿಸಿದರೆ ಕರೆತನ್ನಿ ಎಂದರು. ಗುಲಾಬಿಗೆ ನಗು. "ಶಾಲೆ ಮಕ್ಕಳಿಗ್ ತೊಳ್ಸಿದಾಂಗೆ ತೊಳ್ಸತ್ರಿ."

ಅದು ವಿಷವೆಂದೂ, ಇಟ್ಟವಳು ನಾನೇ ಎಂದೂ ಹೇಳಬೇಕಿತ್ತು. ಸೋಪಿನ ನೀರು ಎಂದರೂ ನಡೆಯುತ್ತಿತ್ತೆಂಬ ಯೋಚನೆ ಒಂದು ಕ್ಷಣ ಬಂದದ್ದನ್ನು ನಿಮ್ಮಿಂದ ಮುಚ್ಚಿಡಲಾರೆ. ಹೇಳಿದೆ. ಅವಳು ಹಟ್ಟಿಗೆ ಮರಳಿ, ದನದ ಬೆನ್ನ ಮೇಲೆ ಕೈಯಿಟ್ಟು ಅಂದಳು: "ಮುಂಚಿನ ಗಂಟಿ ಹಾಂಗೇ ಹೋಯ್ತಲೆ. ಯಾರ್ದೋ ಮನಿ ಬಕೆಟಲ್ ಎಂತದೋ ಇದ್ದಿತ್. ಅದ್ರ್ ಮೇಲೆ ನಾನ್ ನೆಕ್ಕಿ ಕಾಣ್ದೆ ಕೊಡುದಿಲ್ಲೆ."

"ಯಾರ ಮನಿದ್?" ಎಂದೆ.

"ಎಂತಕೆ ಅದೆಲ್ಲ? ಅವ್ರ್ ಬೇಕಂದೇಳಿ ಮಾಡದ್ದಾ? ಆ ಮನಿಗೂ ಈಗ್ಳೂ ಹೋತೆ."

ಹಿಂದಿನ ದನ ಸತ್ತದ್ದು ನನಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ನಾವು ನೆರೆಯವರು ಎಂಟು ಹತ್ತು ಮನೆಯವರು. ಅದರಲ್ಲೊಂದು ಮನೆಯ ಹೆಸರನ್ನು ಅವಳು ಇಷ್ಟು ವರ್ಷ ನಾಲಿಗೆಯ ಮೇಲೆ ತಂದಿಲ್ಲ. ಅದೇ ನಾಲಿಗೆ ಪ್ರತಿ ಸಂಜೆ ಎಲ್ಲ ಮನೆಗಳ ಅಕ್ಕಚ್ಚನ್ನೂ ರುಚಿ ನೋಡುತ್ತದೆ. ಯಾರ ಮನೆಯಲ್ಲಿ ಉಪ್ಪು ಬಿಟ್ಟಿದ್ದಾರೆ, ಯಾರಿಗೆ ಜ್ವರ ಬಂದು ಗಂಜಿಯಷ್ಟೇ ಆಗಿದೆ, ಯಾರು ಸಕ್ಕರೆ ಮುಟ್ಟುವಂತಿಲ್ಲ, ಎಲ್ಲವೂ ಅದಕ್ಕೆ ಗೊತ್ತು. ನನ್ನ ಬ್ಲಡ್ ರಿಪೋರ್ಟನ್ನು ಡಾಕ್ಟರಲ್ಲದೆ ಇನ್ನೊಬ್ಬರು ದಿನವೂ ಓದುತ್ತಿದ್ದರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ವೇಳೆ ಆ ಮನೆ ನಮ್ಮದೇ ಆಗಿದ್ದರೆ? ಕೇಳಿದರೂ ಅವಳು ಹೇಳಲಾರಳು. ಈ ಅನುಮಾನವನ್ನು ಅಂದಿನಿಂದ ನಾನೂ ನನ್ನೊಳಗೆ ತಿರುಗಿಸುತ್ತಲೇ ಇದ್ದೇನೆ.

ಆ ದ್ರವವನ್ನು ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಒಯ್ದುಕೊಟ್ಟೆ. ಬಕೆಟ್ಟನ್ನೂ ಇನ್ನು ಯಾರ ಕೈಗೂ ಸಿಗದಂತೆ ಅಲ್ಲೇ ಬಿಟ್ಟು ಬಂದೆ. ಹೊಸ ಕೂಲಂಟ್ ಹಾಕಿಸಿಕೊಂಡ ಕಾರು ಈಗ ಶಿರೂರಿನವರೆಗೂ ತಣ್ಣಗೆ ಓಡುತ್ತದೆ.

ಮರುದಿನ ಸಂಜೆ ಗುಲಾಬಿ ಬರುತ್ತಾಳೋ ಇಲ್ಲವೋ ಎಂದು ಮಧ್ಯಾಹ್ನದಿಂದಲೇ ಹಿತ್ತಿಲ ಬಾಗಿಲಲ್ಲಿ ಕಾದೆ. ಬಂದಳು, ಎಂದಿನ ಹೊತ್ತಿಗೆ, ಎಂದಿನ ಹಾಗೆ. ಅವಳು ಬಕೆಟ್ಟಿಗೆ ಕೈ ಹಾಕುವ ಮೊದಲೇ ನಾನು ಬಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಹುಳಿಯಾದ ಗಂಜಿ, ಸೌತೆ ಸಿಪ್ಪೆಯ ಕಹಿ, ಹಿತವೇನಲ್ಲದ ರುಚಿ.

ಗುಲಾಬಿ ಸೆರಗು ಬಾಯಿಗೆ ಒತ್ತಿ ನೋಡುತ್ತಿದ್ದಳು. "ಉಪ್ಪ್ ಸಾಕಾ ಟೀಚರಮ್ಮ?"

"ಒಂಚೂರ್ ಕಮ್ಮಿ" ಅಂದೆ.

ಅವಳು ನಕ್ಕಳು. ಆಮೇಲೆ ತಾನೂ ಬೆರಳದ್ದಿ ನೆಕ್ಕಿ ನೋಡಿ, ಬಕೆಟ್ ಎತ್ತಿಕೊಂಡು ಹೋದಳು.