ದ್ರಾಕ್ಷಿ ಶೆಡ್ಡಿನ ಆಚೆಯ ವೈಫೈ

ಕಳ್ಳಕವಟಗಿಯ ಹೊರಗೆ, ತೋಟದ ಮನೆಯೊಂದರ ಮಾಳಿಗೆಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ವಾರಕ್ಕೆ ಆರು ದಿನ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಾನು ಏನು ಹೇಳಿದರೂ ಮಕ್ಕಳು “ಹೌದ್ರಿ ಟೀಚರ್” ಅನ್ನುತ್ತಿದ್ದರು. ನನ್ನ ಮಾತಿಗೆ ಎದುರು ಮಾತಾಡುವವರು ಸಿಗುತ್ತಿದ್ದುದು ರವಿವಾರ ಮಧ್ಯಾಹ್ನ ಮಾತ್ರ. ವಿಜಯಪುರದ ಕಾಲೇಜಿನಲ್ಲಿ ನನ್ನ ಜೊತೆ ಚರ್ಚಾಸ್ಪರ್ಧೆಗಳಿಗೆ ನಿಂತಿದ್ದ ಇಬ್ಬರು ಗೆಳತಿಯರು ಆಗ ಆನ್‌ಲೈನ್‌ಗೆ ಬರುತ್ತಿದ್ದರು. ಒಂದು ತಾಸು ಕಿತ್ತಾಡುತ್ತಿದ್ದೆವು. ಏಪ್ರಿಲ್‌ನಲ್ಲಿ ಮೂವರ ತಂಡಗಳ ಆನ್‌ಲೈನ್ ಸ್ಪರ್ಧೆಯಿತ್ತು. ಕೊನೆಗೆ ಎದ್ದು ಎದುರಾಳಿಯ ವಾದ ಮುರಿಯುವ ಜಾಗ ನನ್ನದು.

ಮೊಬೈಲಿಗೆ ಸಿಗ್ನಲ್ ಒಂದೇ ಕಡ್ಡಿ. ಸ್ವಂತ ವೈಫೈ ಹಾಕಿಸುವ ಮಾತಿಗೆ, ಅತಿಥಿ ಶಿಕ್ಷಕರ ಸಂಬಳ ಹೇಗೆ ಬರುತ್ತದೆಂದು ಬಲ್ಲವರು ನಗುತ್ತಾರೆ. ಇದ್ದದ್ದು ಚಾಚಾ ಅವರ ವೈಫೈ. ಚಾಚಾ ಪಕ್ಕದ ತೋಟದ ದ್ರಾಕ್ಷಿ ಬೆಳೆಗಾರರು. ಅವರ ಮನೆಗೂ ನನ್ನ ಮಾಳಿಗೆಗೂ ನಡುವೆ ಒಂದಿಷ್ಟು ಬಯಲು ಮತ್ತು ಅವರದೇ ದ್ರಾಕ್ಷಿ ಒಣಗಿಸುವ ಶೆಡ್ಡು. ಪಾಸ್‌ವರ್ಡ್ ಕೇಳಲು ಒಂದು ವಾದವನ್ನೇ ಕಟ್ಟಿಕೊಂಡು ಹೋಗಿದ್ದೆ. ಆಡಗೊಡಲಿಲ್ಲ.

“ತೊಗೊ ತಂಗಿ. ಗಾಳ್ಯಾಗ ಹಾರಿ ಹೋಗೂದು, ನೀ ಹಿಡಕೊಂಡ್ರ ನನಗೇನ್ ಕಮ್ಮಿ ಆಗ್ತೈತಿ? ನಿನ್ನ ಮಾಳಗಿ ತನಾ ಮುಟ್ಟಬೇಕಲ್ಲ ಅದು!”

ಮುಟ್ಟಲಿಲ್ಲ. ವಿಜಯಪುರದಲ್ಲಿ ಹಳೆಯ ಕಂಪ್ಯೂಟರ್ ಸಾಮಾನಿನ ಅಂಗಡಿಯಿಂದ, ಯಾರೋ ಬಳಸಿ ಬಿಟ್ಟಿದ್ದ ಬೆರಳುದ್ದದ ವೈಫೈ ಅಡಾಪ್ಟರ್ ತಂದೆ. ಭಜಿ ಎತ್ತುವ ದೊಡ್ಡ ತಂತಿ ಸೌಟಿನ ಗುಂಡಿಯ ಮುಂದೆ ಅದನ್ನು ಕಟ್ಟಿ, ಲ್ಯಾಪ್‌ಟಾಪಿಗೆ ಉದ್ದ ವೈರ್ ಎಳೆದು, ಸೌಟನ್ನು ಡಿಶ್ ಆಂಟೆನಾದ ಹಾಗೆ ಕಿಟಕಿಯ ಸರಳಿಗೆ ಬಿಗಿದು ಚಾಚಾ ಅವರ ಮನೆಯತ್ತ ತಿರುಗಿಸಿದೆ. ಒಂದು ಬೆರಳು ಆಚೀಚೆಯಾದರೂ ಸಿಗ್ನಲ್ ಹೋಗುತ್ತಿತ್ತು. ಆದರೂ ಫೆಬ್ರವರಿಯವರೆಗೆ ಒಂದು ರವಿವಾರವೂ ತಪ್ಪಲಿಲ್ಲ.

ಮಾರ್ಚಿನ ಮೊದಲ ರವಿವಾರ ಪಟ್ಟಿಯಲ್ಲಿ ಅವರ ವೈಫೈ ಹೆಸರೇ ಇಲ್ಲ. ಎರಡನೆಯ ವಾರವೂ ಇಲ್ಲ. ರವಿವಾರ ಬೀಗ ಬೀಳುವ ಶಾಲೆಯ ವೈಫೈಗೆ ವಾರದ ನಡುವೆ ಹಚ್ಚಿ ನೋಡಿದೆ, ನನ್ನ ಅಡಾಪ್ಟರ್ ಸರಿಯಾಗಿಯೇ ನಡೆಯಿತು. ಚಾಚಾ ಅವರ ಮನೆಯಲ್ಲಿ ಕರೆಂಟಿತ್ತು, ಫ್ಯಾನ್ ತಿರುಗುವುದು ಕಾಣುತ್ತಿತ್ತು. ಅಂದರೆ ಅವರೇ ಬಂದ್ ಮಾಡಿದ್ದಾರೆ. ಕಾರಣವೂ ಹೊಳೆಯಿತು: ದೃಷ್ಟಿ ತಾಗದಿರಲೆಂದು ಶೆಡ್ಡಿನ ಕಂಬಕ್ಕೆ ಹಳೆ ಚಪ್ಪಲಿ ಕಟ್ಟಿದ್ದನ್ನು, ಹಿಂದಿನ ತಿಂಗಳು ನಾನು ಆಳುಗಳ ಮುಂದೆಯೇ ಗೇಲಿ ಮಾಡಿದ್ದೆ. ಪುರಾವೆ ಕೇಳದೆ ದೇವರನ್ನೂ ನಂಬದ ನಾನು, ನನ್ನದೇ ತೀರ್ಮಾನಕ್ಕೆ ಪುರಾವೆ ಕೇಳಲಿಲ್ಲ. ಚಾಚಾ ಆಳುಗಳ ಜೊತೆ ಕೆಲಸದಲ್ಲಿದ್ದಾಗ ನೇರ ಶೆಡ್ಡಿಗೇ ಹೋದೆ.

“ಬಂದ್ ಮಾಡಿದ್ರ ಮಾಡೇನಿ ಅಂತ ಹೇಳಿಬಿಡ್ರಿ ಚಾಚಾ. ಸುಮ್ನ ಯಾಕ ಕಾಯಸ್ತೀರಿ?”

“ಏನ್ ಬಂದ್ ಮಾಡೀನಿ?”

“ವೈಫೈ. ಚಪ್ಪಲಿ ಮಾತು ನಿಮ್ಮ ಮನಸಿಗೆ ನಟ್ಟೈತಿ. ಇಲ್ಲ ಅಂದ್ರ ಬ್ಯಾರೆ ಕಾರಣ ಹೇಳ್ರಿ.”

ದ್ರಾಕ್ಷಿ ಹರವುತ್ತಿದ್ದ ಹೆಂಗಸೊಬ್ಬಳು ನಕ್ಕಳು. “ಯವ್ವಾ, ಟೀಚರ್ ಕೋರ್ಟಿಗೆ ಹೋಗೂದು ಬಿಟ್ಟು ಸಾಲಿಗೆ ಬಂದಾರ ನೋಡ.”

ಚಾಚಾ ನಗಲಿಲ್ಲ. ಕೈ ತೊಳೆದುಕೊಂಡು ನನ್ನನ್ನು ಒಳಗೆ ಕರೆದೊಯ್ದರು. ಗೋಡೆಯ ಮೇಲೆ ರೂಟರಿನ ಹಸಿರು ದೀಪಗಳು ಮಿಣುಕುತ್ತಿದ್ದವು.

“ಇದರ ಸ್ವಿಚ್ ಎಲ್ಲೈತಿ ಅಂತ ನನಗ ಗೊತ್ತಿಲ್ಲ ತಂಗಿ. ಮಗಳು ಬಂದಾಗ ಆಕಿನ ನೋಡ್ತಾಳ.”

ಫೋನ್ ಹಿಡಿದುಕೊಂಡು ವಾಪಸು ನಡೆದೆ. ಶೆಡ್ಡಿನ ಈಚೆ ವೈಫೈ ತುಂಬಿ ಬರುತ್ತಿತ್ತು, ಆಚೆ ಹೋದೊಡನೆ ಸತ್ತುಹೋಗುತ್ತಿತ್ತು. ಶೆಡ್ಡಿಗೆ ಗೋಡೆಗಳಿಲ್ಲ, ಒಂದರ ಮೇಲೊಂದು ತಂತಿ ಜಾಲರಿಯ ಅಟ್ಟಗಳು. ಫೆಬ್ರವರಿಯವರೆಗೆ ಖಾಲಿ. ಈಗ ಅಂಚಿನಿಂದ ಅಂಚಿಗೆ ಹಸಿ ದ್ರಾಕ್ಷಿ, ಅಂದರೆ ನೀರಿನ ಗೋಡೆ. ನೀರು ಈ ಅಲೆಗಳನ್ನು ಹೀರುತ್ತದೆಂದು ಕಾಲೇಜಿನಲ್ಲಿ ಓದಿದ್ದೆ, ಅಂಕವನ್ನೂ ಪಡೆದಿದ್ದೆ.

ಮತ್ತೆ ಹೋಗಿ, “ತಪ್ಪು ನಂದ ಐತ್ರಿ” ಎಂದೆ.

“ಇರ್ಲಿ ಬಿಡ. ಹದಿನೈದ ದಿನದಾಗ ಒಣಗ್ತಾವ. ಅಲ್ಲಿತನಾ ನಮ್ಮ ಪಡಸಾಲ್ಯಾಗ ಬಂದು ಕುಂತು ಮಾತಾಡು. ಚಾ ಕೊಡ್ತಾರ.”

ಹೂಂ ಎಂದೆ. ಹೋಗಲಿಲ್ಲ. ಅಷ್ಟು ಜನರೆದುರು ಯಾರ ಮೇಲೆ ಸುಳ್ಳು ಆರೋಪ ಹೊರಿಸಿದ್ದೆನೋ ಅವರದೇ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವ ಎದೆ ನನಗಿರಲಿಲ್ಲ. ಮುಂದಿನ ರವಿವಾರ ತಾಲ್ಲೂಕಿನ ಊರು ಟಿಕೋಟಾಕ್ಕೆ ಹೋದೆ. ಹೆಂಗಸರಿಗೆ ಬಸ್ಸಿಗೆ ದುಡ್ಡು ಬೇಡ, ಅಲ್ಲಿ ಮೊಬೈಲಿಗೆ ಸಿಗ್ನಲ್ ಚೆನ್ನಾಗಿತ್ತು. ನಿಂತು ವಾದಿಸಲು ಮಾತ್ರ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟೆ ಬಿಟ್ಟರೆ ಬೇರೆ ಜಾಗವಿರಲಿಲ್ಲ.

“ಲೇ, ಎಲ್ಲಿದ್ದೀ? ಬರೇ ಹಾರ್ನ್ ಕೇಳಾಕತ್ತೈತಿ. ಮ್ಯೂಟ್ ಮಾಡ್ಕೋ ಮೊದ್ಲ!” ಎಂದಳು ಗೆಳತಿ.

ಮಾಡಿಕೊಂಡೆ. ಆ ತಾಸು ಪೂರ್ತಿ ಅವರಿಬ್ಬರ ಮಾತು ಕೇಳಿ ಬಸ್ ಹತ್ತಿದೆ. ಬುಧವಾರ ಅವಳ ಫೋನ್ ಬಂತು. ಕಡಿದು ಕಡಿದು ಬಂದರೂ ವಿಷಯ ತಿಳಿಯಿತು. “ಬ್ಯಾಸರಾ ಮಾಡ್ಕೋಬ್ಯಾಡ. ನಿನ್ನ ಜಾಗಕ್ಕ ಜೂನಿಯರ್ ಒಬ್ಬಾಕಿನ್ನ ತೊಗೊಂಡೀವಿ. ಆಕೀದು ನೆಟ್ ಛಲೋ ಐತಿ.”

ದ್ರಾಕ್ಷಿ ಕುಗ್ಗುತ್ತ ಕಂದಾದವು. ವೈಫೈ ಮರಳಿತು: ಮೊದಲು ಒಂದು ಕಡ್ಡಿ, ಆಮೇಲೆ ಎರಡು, ಸ್ಪರ್ಧೆಯ ದಿನದ ಹೊತ್ತಿಗೆ ಮೂರು. ನೋಡುವವಳಾಗಿ ಸೇರಿದೆ. ಆ ಹುಡುಗಿ ಎದುರಾಳಿಯ ಎರಡನೆಯ ಅಂಶವನ್ನು ಮುಟ್ಟಲೇ ಇಲ್ಲ. ನಾನು ಕೋಣೆಯಲ್ಲಿ ಎದ್ದು ನಿಂತು, ಗೋಡೆಯ ಕಡೆಗೆ ಮುಖ ಮಾಡಿ, ಮೂರು ನಿಮಿಷದಲ್ಲಿ ಅದನ್ನು ಮುರಿದೆ. ಆದರೂ ಗೆಳತಿಯರ ತಂಡವೇ ಗೆದ್ದಿತು. ನಾನಿಲ್ಲದೆ ಆಗದು ಎಂಬ ನನ್ನ ವಾದ ಬಿತ್ತು. ಅಭಿನಂದನೆ ಬರೆದೆ, ಉತ್ತರವಾಗಿ ಒಂದು ಹಳದಿ ನಗುಮುಖ ಬಂತು.

ಕೆಳಗೆ ಶೆಡ್ಡಿನಲ್ಲಿ ಚಾಚಾ ಒಬ್ಬರೇ ಜಾಲರಿಯಿಂದ ಒಣದ್ರಾಕ್ಷಿ ಉದುರಿಸುತ್ತಿದ್ದರು. ಇಳಿದು ಹೋಗಿ ನಾಲ್ಕು ಮಾತಾಡೋಣ ಅನ್ನಿಸಿತು. ಎಲ್ಲಿಂದ ಶುರು ಮಾಡುವುದು? ಹಾಳೆ ತೆಗೆದುಕೊಂಡು ಅಂಶಗಳನ್ನು ಬರೆದೆ, ಮೊದಲನೆಯದನ್ನು ಹೊಡೆದುಹಾಕಿದೆ, ಮತ್ತೆ ಬರೆದೆ. ತಲೆ ಎತ್ತಿದಾಗ ಅವರು ಮನೆಗೆ ಹೋಗಿದ್ದರು.