ಅವ್ವನ ಸೀರೆಯ ಹಾಯಿ

ಮೊನ್ನೆ ಇಸ್ತ್ರಿ ಮಾಡುತ್ತಾ ಇದ್ದವಳು ಫೋನು ಬಂತೆಂದು ಎದ್ದು ಹೋದೆ. ಬರುವಷ್ಟರಲ್ಲಿ ರೇಷ್ಮೆ ಸೆರಗು ಸೀದು, ಕೂದಲು ಸುಟ್ಟ ನಾತ ಮನೆಯೆಲ್ಲ ತುಂಬಿತ್ತು. ಬೈಯಲು ಬೇರೆ ಯಾರೂ ಇರಲಿಲ್ಲ, ನನ್ನನ್ನೇ ಬೈದುಕೊಂಡೆ. ಆಮೇಲೆ ನಗು ಬಂತು. ಯಾಕೆ ಅಂತೀರಾ? ಇದೇ ನಾತವನ್ನು ನಾನು ಹಿಂದೊಮ್ಮೆ ಒಂದು ಯುದ್ಧನೌಕೆಯ ಪಕ್ಕ ನಿಂತು ಕುಡಿದಿದ್ದೇನೆ. ಅದೂ ಸಮುದ್ರದ ಗಾಳಿ ಸುಳಿಯದ ನಮ್ಮೂರ ಕೂಡುರಸ್ತೆ ಹ್ಯಾಂಡ್‌ಪೋಸ್ಟಿನಲ್ಲಿ.

ಐವತ್ತರ ದಶಕದ ಮಾತು. ಹೆಗ್ಗಡದೇವನಕೋಟೆಯ ಮಿಡ್ಲ್ ಸ್ಕೂಲಿನಲ್ಲಿ ನಾನು ಕೊನೆಯ ತರಗತಿ. ನಮ್ಮ ಹೆಡ್‌ಮೇಷ್ಟ್ರು ಸಮುದ್ರ ಕಂಡವರಲ್ಲ. ಆದರೂ ಚರಿತ್ರೆಯ ಪಾಠದಲ್ಲಿ ಇಂಗ್ಲಿಷ್ ಅಡ್ಮಿರಲ್‌ಗಳಿಗೆ ಛೀಮಾರಿ ಹಾಕುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಯುದ್ಧದ ಹಡಗಿಗೆ ಉಗಿಯಂತ್ರ ಬಂದ ಮೇಲೂ ಆ ಮಹನೀಯರು ಹಾಯಿಯನ್ನು ಕೈಬಿಡಲಿಲ್ಲವಂತೆ. ಯಂತ್ರ ಕೆಟ್ಟರೆ? ಕಲ್ಲಿದ್ದಲು ಮುಗಿದರೆ? ಎಲ್ಲಕ್ಕಿಂತ ಹೆಚ್ಚಾಗಿ, ಮಸಿ ಬಿದ್ದು ತೊಳೆದಿಟ್ಟ ಡೆಕ್ಕು ಕೊಳೆಯಾದರೆ? ಗಾಳಿ ಸಿಕ್ಕಿದಾಗ ಚಿಮಣಿಯನ್ನೇ ಕೆಳಗಿಳಿಸಿ ಬಚ್ಚಿಡುತ್ತಿದ್ದರಂತೆ. ಇಷ್ಟು ಪುಕ್ಕಲರು ನಮ್ಮನ್ನು ಆಳಿದ್ದು ಹೇಗೋ ಎಂದು ಮೇಷ್ಟ್ರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ನಗದವರಿಗೆ ಬೆತ್ತವಿತ್ತು.

ಆ ಸಲದ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಎತ್ತಿನ ಗಾಡಿಯ ಮೇಲೆ ಯುದ್ಧನೌಕೆ ಕಟ್ಟುವುದೆಂದಾಯಿತು. ಬಿದಿರು ತಟ್ಟಿಯ ಹಡಗು, ಸೀಮೆಎಣ್ಣೆ ಡಬ್ಬಗಳ ಚಿಮಣಿ, ಒಳಗೆ ತೆಂಗಿನ ಸಿಪ್ಪೆಯ ಹೊಗೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಹಿಂದಿನ ದಿನ ಮೇಷ್ಟ್ರಿಗೆ ಧೈರ್ಯ ಸಾಲಲಿಲ್ಲ. ಮಳೆಗಾಲ, ಸಿಪ್ಪೆ ಹೊತ್ತದಿದ್ದರೆ ಮೆರವಣಿಗೆಗೆ ಬರುವ ತಾಲೂಕಿನ ಅಮಲ್ದಾರರ ಮುಂದೆ ಮಾನ ಹೋಗುತ್ತದೆ, ನೋಡುವುದಕ್ಕಾದರೂ ಒಂದು ಹಾಯಿ ಇರಲಿ ಎಂದರು. ಆಗ ಮಾತ್ರ ನಮ್ಮ ಕ್ಲಾಸಿನಲ್ಲಿ ಯಾರೂ ನಗಲಿಲ್ಲ.

ದಿನಸಿ ಅಂಗಡಿಯ ನಮ್ಮಪ್ಪ ಶಾಲಾ ಕಮಿಟಿಯಲ್ಲಿದ್ದರು. ಉದಾರವಾಗಿ ಹಾಯಿಬಟ್ಟೆ ಒದಗಿಸಿದರು: ಟ್ರಂಕಿನಲ್ಲಿದ್ದ ಅವ್ವನ ಬಿಳಿ ರೇಷ್ಮೆಯ ಧಾರೆ ಸೀರೆ. ಅವ್ವನನ್ನು ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ ಬಿಡಿ. ಅದೇ ವಾರ, ಈ ವರ್ಷ ಮುಗಿದರೆ ನನ್ನ ಓದು ಸಾಕೆಂದು, ಬೇಗೂರಿನ ಒಂದು ಮನೆಗೆ ನನ್ನನ್ನು ಕೊಡುವುದೆಂದು ಮಾತು ಕೊಟ್ಟು ಬಂದಿದ್ದರು, ನನ್ನನ್ನೂ ಕೇಳಿರಲಿಲ್ಲ. ಹೈಸ್ಕೂಲಿಗೆ ಹೋಗಬೇಕೆಂದು ನಾನು ಅವ್ವನ ಮಡಿಲಲ್ಲಿ ಅತ್ತದ್ದೇ ಬಂತು.

ಹೀಗೆ ಉಗಿ, ಗಾಳಿ, ಎತ್ತು ಮೂರೂ ಬಲವಿದ್ದ ನಮ್ಮ ನೌಕೆ ಹ್ಯಾಂಡ್‌ಪೋಸ್ಟು ತಲುಪಿತು. ಮಳೆ ಬಿಟ್ಟು ಹೊಳವಾಗಿತ್ತು, ಹೊಗೆ ಭರ್ಜರಿಯಾಗಿಯೇ ಬರುತ್ತಿತ್ತು. ಗಾಡಿ ತಿರುಗಿದ್ದೇ ತಡ, ಗಾಳಿ ಎದುರಾಗಿ ಕಿಡಿ ಹಾರಿ ಸೀರೆಗೂ ತಟ್ಟಿಗೂ ಬೆಂಕಿ ಹತ್ತಿತು. ಗಾಡಿಯವನು ಹೇಗೋ ಎತ್ತು ಬಿಚ್ಚಿಕೊಂಡ, ನೌಕೆ ಚರಂಡಿಗಿಳಿಯಿತು. ಅಮಲ್ದಾರರು ಇದನ್ನು ಯುದ್ಧದ ದೃಶ್ಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಊರೇ ತಟ್ಟಿತು. ಮೇಷ್ಟ್ರೂ ತಟ್ಟಿದರು.

ಸಂಜೆ ಮೇಷ್ಟ್ರು ಮನೆಗೆ ಬಂದು, ಮೈಸೂರಿನಿಂದ ಹೊಸ ಸೀರೆ ತರಿಸಿಕೊಡುವುದಾಗಿ ಅಪ್ಪನಿಗೆ ಹೇಳಿದರು. ಅದೆಲ್ಲ ಯಾಕೆಂದರು ಅಪ್ಪ. ಅವ್ವ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಗಂಡಸರ ನಡುವೆ ಅವಳು ಬಾಯಿ ಹಾಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಸೀರೆ ಬ್ಯಾಡಿ ಮೇಷ್ಟ್ರೇ. ಅದ್ನ ನನ್ನ ಕೇಳ್ದೆ ಕೊಟ್ರು, ಸುಟ್ಟೋಯ್ತು. ಈಗ ಮಗೀನೂ ಅಂಗೇ ಕೊಡಕ್ಕೆ ಒಂಟವ್ರೆ. ಅವ್ಳು ಓದ್ಬೇಕು ಅಂತವ್ಳೆ. ನೀವು ಹೇಳುದ್ರೆ ಇವ್ರು ಕೇಳ್ತಾರೆ.”

ಮೇಷ್ಟ್ರು ಅಪ್ಪನ ಮುಖ ನೋಡಿದರು, ಕಾಫಿ ಲೋಟ ನೋಡಿದರು. “ಓದೂ ನಡೀಲಿ ಯಜಮಾನ್ರೇ, ಮದುವೆ ಮಾತೂ ನಡೀಲಿ. ಎರಡೂ ಇರಲಿ” ಎಂದರು. ಅಡ್ಮಿರಲ್‌ಗಳನ್ನು ಜಾಡಿಸಿದ ಬಾಯೇ ಅದು.

“ಎರಡೂ ಒಂದೇ ಗಾಡಿ ಮ್ಯಾಲೆ ಏರ್ಸಿದ್ದಕ್ಕೇ ನನ್ ಸೀರೆ ಬೂದಿ ಆಗಿದ್ದು ಕಣ್ರೀ” ಎಂದಳು ಅವ್ವ.

ಮೇಷ್ಟ್ರು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಹುಡುಗಿ ಓದಲಿ, ಬೇಗೂರಿಗೆ ಬೇಡವೆಂದು ಹೇಳಿಬಿಡಿ ಎಂದರು. ಅಪ್ಪ ಮರುದಿನವೇ ಹೋಗಿ ಹೇಳಿ ಬಂದು, ಮನೆಯಲ್ಲಿ ಮುಖ ಊದಿಸಿಕೊಂಡಿದ್ದರು. ಮುಂದಿನ ವರ್ಷ ನಾನು ಹೈಸ್ಕೂಲು ಸೇರಿದೆ.

ಇಷ್ಟು ವರ್ಷ ಇದನ್ನು ಮೇಷ್ಟ್ರನ್ನು ಆಡಿಕೊಳ್ಳುವ ಕಥೆಯಾಗಿ ಹೇಳಿ ಕಂಡಕಂಡವರನ್ನು ನಗಿಸಿದ್ದೇನೆ. ಮೊನ್ನೆಯೂ ಒಬ್ಬಳೇ ನಕ್ಕೆ. ನಗುತ್ತಲೇ ಸೀದ ಸೆರಗನ್ನು ಮಡಿಸತೊಡಗಿದೆ. ಅವ್ವನಿಗೆ ಒಳ್ಳೆಯ ಸೀರೆ ಅಂತ ಇದ್ದದ್ದು ಅದೊಂದೇ. ಅವಳು ಹೋಗಿ ಎಷ್ಟೋ ವರ್ಷವಾಯಿತು, ಆದರೂ ಅವಳನ್ನು ಒಂದು ಸಲ ನೋಡಬೇಕು ಅನ್ನಿಸಿತು.